ಹೆಜ್ಜೆ ಎಷ್ಟೇ ದೊಡ್ಡದಿರಲಿ, ಮೊದಲು ನೋಟ್‌ಬುಕ್ ತೋರಿಸಿ

ಬೇಸಿಗೆ ಬಂತೆಂದರೆ ಅಮೆರಿಕದ ವಾಯವ್ಯ ಮೂಲೆಯ ಕಾಡುಗಳಿಗೆ ಬಿಗ್‌ಫುಟ್ ಹುಡುಕುವ ತಂಡಗಳು ಹೊರಡುತ್ತವೆ. ಏಳೆಂಟು ಅಡಿ ಎತ್ತರ, ಮೈತುಂಬ ಕೂದಲು, ಮನುಷ್ಯನ ಹಾಗೆ ಎರಡು ಕಾಲಿನ ನಡಿಗೆ. ಇಂಥ ಪ್ರಾಣಿಯ ಒಂದು ಎಲುಬಾಗಲಿ ಹಲ್ಲಾಗಲಿ ವಿಜ್ಞಾನಿಗಳು ಒಪ್ಪುವ ರೀತಿಯಲ್ಲಿ ಇವತ್ತಿನವರೆಗೆ ಸಿಕ್ಕಿಲ್ಲ. ಸಿಕ್ಕಿರುವುದೆಲ್ಲ ವರದಿ: ಹೆಜ್ಜೆಯ ಅಚ್ಚು, ಅಲುಗಾಡಿದ ವಿಡಿಯೊ, ಪೊಟ್ಟಣದಲ್ಲಿ ನಾಲ್ಕು ಕೂದಲು, ನಡುರಾತ್ರಿ ಕೇಳಿದ ಕೂಗು. ನಾನಂತೂ ನಂಬುವವನಲ್ಲ. ಆದರೂ ಈ ವರದಿ ಓದುವ ಚಟ ಬಿಟ್ಟಿಲ್ಲ. ಸಿಗದ ಪ್ರಾಣಿಯ ತನಿಖೆಯಲ್ಲೂ ಅಚ್ಚುಕಟ್ಟು, ಅಡ್ಡಾದಿಡ್ಡಿ ಎಂದು ಎರಡು ಬಗೆ ಇವೆ. ಇವನ್ನು ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಕೆಲಸ. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ನಮ್ಮವರು ಯಾರಾದರೂ ಇಂಥ ತಂಡದ ಜೊತೆ ಹೊರಟಿದ್ದರೆ, ಇಲ್ಲವೇ ಇಲ್ಲೇ ಸೋಫಾದಲ್ಲಿ ಕೂತು ಟಿವಿಯಲ್ಲಿ ನೋಡುತ್ತಿದ್ದರೆ, ಈ ಪಟ್ಟಿ ಜೇಬಲ್ಲಿರಲಿ.

1. ಪ್ರಾಣಿ ಇದೆಯೇ ಎಂದು ಕೇಳಬೇಡಿ

ಕೇಳಿದರೆ ಬೆಳಗಾಗುವವರೆಗೆ ವಾದ. ಬದಲಿಗೆ, ‘ನಮ್ಮ ಊಹೆ ತಪ್ಪಿರಬಹುದೇ’ ಎಂದು ನೋಡಲು ಈ ತಂಡ ಏನೇನು ಮಾಡಿದೆ ಎಂದು ಕೇಳಿ. ಒಂದು ಪುಟದಷ್ಟು ಉತ್ತರ ಇದ್ದರೆ ಮುಂದೆ ಓದಿ. ಒಂದು ಸಾಲೂ ಇಲ್ಲದಿದ್ದರೆ ದೀಪ ಆರಿಸಿ ಮಲಗಿ.

2. ‘ಕರಡಿ ಯಾಕಲ್ಲ?’ ಎಂಬುದಕ್ಕೆ ಉತ್ತರ ಹುಡುಕಿ

ನಮ್ಮ ದರೋಜಿ ಕಡೆಯ ಕರಡಿಯ ಹಿಂಗಾಲಿನ ಗುರುತನ್ನು ಮಣ್ಣಲ್ಲಿ ನೋಡಿದವರಿಗೆ ಗೊತ್ತು, ಮೊದಲ ನೋಟಕ್ಕೆ ಯಾರೋ ಬರಿಗಾಲಲ್ಲಿ ನಡೆದು ಹೋದ ಹಾಗೇ ಇರುತ್ತದೆ. ಅಮೆರಿಕದ ಕಪ್ಪು ಕರಡಿಯದೂ ಅದೇ ಕತೆ. ಐದು ಬೆರಳು, ಉದ್ದನೆಯ ಪಾದ. ನಡೆಯುವಾಗ ಹಿಂಗಾಲು ಎಷ್ಟೋ ಸಲ ಮುಂಗಾಲಿನ ಗುರುತಿನ ಮೇಲೆಯೇ ಅರ್ಧ ಬೀಳುತ್ತದೆ. ಎರಡು ಸೇರಿ ಒಂದೇ ರಾಕ್ಷಸ ಹೆಜ್ಜೆ ಆಗುತ್ತದೆ. ಗಟ್ಟಿ ನೆಲದಲ್ಲಿ ಉಗುರಿನ ಗೀರು ಹಲವು ಸಲ ಮೂಡುವುದೇ ಇಲ್ಲ. ಸುಳಿವು ಸಿಗುವುದು ಬೆರಳಲ್ಲಿ: ನಮಗೆ ದೊಡ್ಡ ಬೆರಳು ಒಳಮಗ್ಗುಲಿಗೆ, ಕರಡಿಗೆ ಹೊರಮಗ್ಗುಲಿಗೆ. ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಹೇಗೆ ತೀರ್ಮಾನಿಸಿದರು ಎಂಬುದು ವರದಿಯಲ್ಲಿ ಇರಬೇಕು.

2007ರಲ್ಲಿ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಬೇಟೆಗಾರರೊಬ್ಬರು ಕಟ್ಟಿದ್ದ ಕ್ಯಾಮೆರಾದಲ್ಲಿ ಕೃಶ ಮೈಯ, ಉದ್ದ ಕೈಕಾಲಿನ ವಿಚಿತ್ರ ಜೀವಿಯೊಂದು ಬಗ್ಗಿ ನಿಂತ ಚಿತ್ರ ಸೆರೆಯಾಯಿತು. ಮರಿ ಬಿಗ್‌ಫುಟ್ ಎಂದು ಸುದ್ದಿಯೋ ಸುದ್ದಿ. ಆ ರಾಜ್ಯದ ವನ್ಯಜೀವಿ ಇಲಾಖೆ ಹೇಳಿದ್ದು: ಕಜ್ಜಿ ಹತ್ತಿ ಕೂದಲುದುರಿದ ಕರಡಿ. ಅದೇ ರಾತ್ರಿ ಅದೇ ಕ್ಯಾಮೆರಾದ ಮುಂದೆ ಕರಡಿಮರಿಗಳು ಆಡಿಕೊಂಡು ಹೋದ ಚಿತ್ರಗಳೂ ಇದ್ದವು. ಜಗತ್ತಿಗೆಲ್ಲ ಹಬ್ಬಿದ್ದು ಮಾತ್ರ ಆ ಒಂದು ಚಿತ್ರ. ಆದ್ದರಿಂದ ಯಾವ ಕ್ಯಾಮೆರಾ ಚಿತ್ರ ಕೈಗೆ ಬಂದರೂ ಅದರ ಹಿಂದಿನ ಹತ್ತು, ಮುಂದಿನ ಹತ್ತು ಚಿತ್ರ ಕೇಳಿ.

ಇನ್ನೂ ಒಂದು. 2009ರಲ್ಲಿ ಮೂವರು ವಿಜ್ಞಾನಿಗಳು ಪಶ್ಚಿಮ ಕರಾವಳಿಯ ಬಿಗ್‌ಫುಟ್ ವರದಿಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ಆ ‘ಪ್ರಾಣಿ’ಯ ನೆಲೆಯ ನಕ್ಷೆ ತೆಗೆದರು. ಬಂದ ನಕ್ಷೆ ಕಪ್ಪು ಕರಡಿಯ ನಕ್ಷೆಯ ಮೇಲೆ ಹೆಚ್ಚುಕಡಿಮೆ ಹೊಂದಿಕೊಂಡು ಕೂತಿತು. 2024ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ ಜನಸಂಖ್ಯೆ, ಕಾಡಿನ ವಿಸ್ತೀರ್ಣ ಎರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ಕರಡಿ ಹೆಚ್ಚಿದ್ದಲ್ಲಿ ವರದಿಯೂ ಹೆಚ್ಚು ಎಂದು ಕಂಡಿತು. ವರದಿಯಲ್ಲಿ ಕರಡಿ ಎಂಬ ಪದವೇ ಇಲ್ಲದಿದ್ದರೆ ತಂಡ ಮೊದಲ ಪರೀಕ್ಷೆಯಲ್ಲೇ ನಪಾಸು.

3. ಅಳತೆಪಟ್ಟಿ ಇಲ್ಲದ ಫೋಟೊ ಪಕ್ಕಕ್ಕಿಡಿ

ಬೂಟು, ಕೀಲಿ ಗೊಂಚಲು, ಗೆಳೆಯನ ಅಂಗೈ ಇವೆಲ್ಲ ಅಳತೆಪಟ್ಟಿಗಳಲ್ಲ. ಪಟ್ಟಿ ಹೆಜ್ಜೆಯ ಮಟ್ಟದಲ್ಲೇ ಇರಬೇಕು, ಕ್ಯಾಮೆರಾ ನೆತ್ತಿಯ ಮೇಲಿನಿಂದ ನೆಟ್ಟಗೆ ನೋಡಬೇಕು. ಹಿಮದ ಹೆಜ್ಜೆಯಾದರೆ ಅನುಮಾನ ಇಮ್ಮಡಿಯಾಗಲಿ. ಬಿಸಿಲಿಗೆ ಅಂಚು ಕರಗಿ ಹೆಜ್ಜೆ ಹಿಗ್ಗುತ್ತಾ ಹೋಗುತ್ತದೆ. 2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆಯ ಪರ್ವತಾರೋಹಿಗಳು ಮಕಾಲು ಬೇಸ್ ಕ್ಯಾಂಪ್ ಹತ್ತಿರ 32 ಇಂಚು ಉದ್ದದ ‘ಯೇತಿ’ ಹೆಜ್ಜೆ ಕಂಡೆವೆಂದು ಚಿತ್ರ ಹಾಕಿದಾಗ, ಕೇಳಬೇಕಿದ್ದ ಮೊದಲ ಪ್ರಶ್ನೆ ‘ಯೇತಿ ಇದೆಯೇ’ ಎಂದಲ್ಲ, ‘ಹೆಜ್ಜೆ ಮೂಡಿ ಎಷ್ಟು ಹೊತ್ತಾಗಿತ್ತು’ ಎಂದು.

4. ಒಂದು ಹೆಜ್ಜೆ ಬೇಡ, ಸಾಲು ಕೇಳಿ

‘ಬಿಗ್‌ಫುಟ್’ ಎಂಬ ಹೆಸರು ಮನೆಮಾತಾದದ್ದು 1958ರಲ್ಲಿ. ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್‌ನಲ್ಲಿ ಕಾಡಿನ ರಸ್ತೆ ಕಡಿಯುತ್ತಿದ್ದ ಬುಲ್ಡೋಜರ್ ಚಾಲಕ ಜೆರ್ರಿ ಕ್ರೂ ತನ್ನ ಯಂತ್ರದ ಸುತ್ತ 16 ಇಂಚಿನ ಹೆಜ್ಜೆ ಕಂಡ; ಅಚ್ಚು ಹಿಡಿದುಕೊಂಡು ನಿಂತ ಅವನ ಚಿತ್ರ ‘ಹಂಬೋಲ್ಟ್ ಟೈಮ್ಸ್’ನಲ್ಲಿ ಬಂತು. ಆ ಕೆಲಸದ ಗುತ್ತಿಗೆದಾರ ರೇ ವಾಲೇಸ್. 2002ರಲ್ಲಿ ಅವನು ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರತಂದು ಪತ್ರಿಕೆಯವರಿಗೆ ತೋರಿಸಿದರು. ಹೆಜ್ಜೆಗಳೆಲ್ಲ ಆ ಪಾದದವೇ ಅಲ್ಲ ಎಂದು ವಾದಿಸುವವರು ಈಗಲೂ ಇದ್ದಾರೆ, ಇರಲಿ.

ಮರದ ಪಾದಕ್ಕೊಂದು ದೌರ್ಬಲ್ಯ ಇದೆ. ಅದು ಪ್ರತಿ ಸಲ ಒಂದೇ ಥರ ಒತ್ತುತ್ತದೆ, ಅಂಚೆ ಮುದ್ರೆಯ ಹಾಗೆ. ಜೀವ ಇರುವ ಪಾದ ಹಾಗಲ್ಲ: ಏರಿನಲ್ಲಿ ಬೆರಳು ಕಚ್ಚುತ್ತದೆ, ಇಳಿಜಾರಿನಲ್ಲಿ ಹಿಮ್ಮಡಿ ಜಾರುತ್ತದೆ, ಕಲ್ಲಿನ ಮೇಲೆ ಅರ್ಧವೇ ಮೂಡುತ್ತದೆ. ಇಪ್ಪತ್ತು ಹೆಜ್ಜೆಯ ಸಾಲು ಅಳೆದವರು ಇಪ್ಪತ್ತು ಬೇರೆಬೇರೆ ಅಂಕಿ ಕೊಡಬೇಕು. ಜೊತೆಗೆ, ಪಕ್ಕದಲ್ಲೇ ತಾವು ನಡೆದು ತಮ್ಮ ಹೆಜ್ಜೆ ಎಷ್ಟು ಇಳಿಯಿತು ಎಂದು ಅಳೆದಿದ್ದಾರೆಯೇ ನೋಡಿ. ‘ಎರಡು ಇಂಚು ಆಳ’ ಎಂಬ ಮಾತಿಗೆ ಅರ್ಥ ಬರುವುದು ಆಗ ಮಾತ್ರ.

5. ಅಚ್ಚು ನೋಡಿದವರಿಗಿಂತ ನೆಲ ನೋಡಿದವರ ಮಾತಿಗೆ ಬೆಲೆ ಕೊಡಿ

ನನ್ನನ್ನು ಕೇಳಿದರೆ ಈ ಪಟ್ಟಿಯಲ್ಲಿ ಇದೇ ದೊಡ್ಡದು. ಇದಕ್ಕೊಂದು ಪ್ರಕರಣ ಇದೆ, ನಿಧಾನವಾಗಿ ನೋಡಬೇಕಾದ್ದು.

1982ರ ಜೂನ್. ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಪಟ್ಟಣದ ಬಳಿಯ ಬ್ಲೂ ಮೌಂಟನ್ಸ್‌ನಲ್ಲಿ ಅರಣ್ಯ ಸೇವೆಯ ಗಸ್ತಿನವರೊಬ್ಬರು ಬಿಗ್‌ಫುಟ್ ಕಂಡೆ ಎಂದರು, ಕೆಲ ದಿನದಲ್ಲಿ ಅಲ್ಲೇ ಮಿಲ್ ಕ್ರೀಕ್ ಕಣಿವೆಯಲ್ಲಿ ಹೆಜ್ಜೆಗಳೂ ಸಿಕ್ಕವು. ಪ್ಲಾಸ್ಟರ್ ಅಚ್ಚುಗಳು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಗ್ರೋವರ್ ಕ್ರಾಂಟ್ಜ್ ಕೈ ಸೇರಿದವು. ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಮೇಲೆ ಬೆರಳಚ್ಚಿನಂಥ ಸಣ್ಣ ಗೆರೆಗಳು! ಕ್ರಾಂಟ್ಜ್ ಅವುಗಳನ್ನು ಬೆರಳಚ್ಚು ತಜ್ಞರಿಗೆ ತೋರಿಸಿದರು, ಕೆಲವರು ಬೆರಗಾದರು. ಅಷ್ಟು ನಾಜೂಕಾದ ಗೆರೆ ಕೆತ್ತಲು ಯಾವ ಹಳ್ಳಿ ಹೈದನಿಗೆ ಬರುತ್ತದೆ ಎಂಬುದು ಅವರ ವಾದ.

ಅದೇ ಹೊತ್ತಿಗೆ ನೆಲ ನೋಡಲು ಇನ್ನಿಬ್ಬರು ಹೋಗಿದ್ದರು. ಒಬ್ಬರು ಅರಣ್ಯ ಸೇವೆಯ ವನ್ಯಜೀವಿ ತಜ್ಞರು. ಹೆಜ್ಜೆ ಬೀಳುವ ಮುಂಚೆಯೇ ಅಲ್ಲಿನ ತರಗೆಲೆ, ಸೂಜಿಯೆಲೆಗಳನ್ನು ಯಾರೋ ಪಕ್ಕಕ್ಕೆ ಸರಿಸಿದ್ದ ಹಾಗಿದೆ ಎಂದು ಅವರು ಬರೆದುಕೊಂಡರು. ಕಡಿದಾದ ಇಳಿಜಾರಿನಲ್ಲೂ ಹಿಮ್ಮಡಿಯಾಗಲಿ ಬೆರಳಾಗಲಿ ಜಾರಿದ ಗುರುತಿಲ್ಲ. ಹೆಜ್ಜೆಯಿಂದ ಹೆಜ್ಜೆಗೆ ದೂರ ಏರಿನಲ್ಲೂ ಇಳಿಜಾರಿನಲ್ಲೂ ಒಂದೇ. ಇನ್ನೊಬ್ಬರು ಗಡಿ ಕಾವಲು ಪಡೆಯ ಜೋಯೆಲ್ ಹಾರ್ಡಿನ್. ಕಳ್ಳದಾರಿಯಲ್ಲಿ ನುಸುಳುವವರ ಹೆಜ್ಜೆ ಹಿಡಿದು ಹಿಂಬಾಲಿಸುವುದೇ ಅವರ ನೌಕರಿ. ನೋಡಿದವರೇ, ಇದು ಮಾಡಿಟ್ಟ ಹೆಜ್ಜೆ ಎಂದುಬಿಟ್ಟರು.

ಎರಡು ಅಡಿ ಉದ್ದದ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಬಂದ ಅಚ್ಚು ಈ ಮೂರು ಸಂಗತಿಗಳಲ್ಲಿ ಒಂದನ್ನೂ ಹೇಳಲಾರದು. ತರಗೆಲೆ ಅಲ್ಲೇ ಉಳಿಯಿತು, ಇಳಿಜಾರು ಅಲ್ಲೇ ಉಳಿಯಿತು. ಕ್ರಾಂಟ್ಜ್ ದಡ್ಡರಾಗಿರಲಿಲ್ಲ, ಆದರೆ ಅಚ್ಚು ನೋಡಿ ನೆಲದ ಬಗ್ಗೆ ತೀರ್ಪು ಕೊಟ್ಟರು. ಅಸಲಿ ಹೆಜ್ಜೆಯ ಎರಡು ಗುಟ್ಟಿನ ಲಕ್ಷಣ ತಮಗೆ ಗೊತ್ತು, ಮೋಸಗಾರರು ಕಲಿತುಬಿಡುತ್ತಾರೆಂದು ಅದನ್ನು ಬರೆಯುವುದಿಲ್ಲ ಎಂದೂ ಅವರು ಹೇಳುತ್ತಿದ್ದರು. ಬೇರೆಯವರು ಪರೀಕ್ಷಿಸಲಾಗದ ಪರೀಕ್ಷೆ ಅದೆಂಥ ಪರೀಕ್ಷೆ?

ವರದಿಯಲ್ಲಿ ಹೆಜ್ಜೆಯ ಸುತ್ತಲಿನ ಹತ್ತು ಅಡಿ ನೆಲದ ವಿವರ ಇದೆಯೇ ಹುಡುಕಿ. ಸಾಲು ಎಲ್ಲಿ ಶುರುವಾಯಿತು, ಎಲ್ಲಿ ಮಾಯವಾಯಿತು, ಹತ್ತಿರದ ರಸ್ತೆ ಎಷ್ಟು ದೂರ? ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಸದಾ ಹೆಜ್ಜೆ ಸಿಗುವ ಪ್ರಾಣಿಯ ಮೇಲೆ ನನಗೆ ಬಹಳ ಗುಮಾನಿ.

6. ಪ್ಲಾಸ್ಟರೂ ಸುಳ್ಳು ಹೇಳುತ್ತದೆ

ಆ ಬೆರಳಚ್ಚಿನ ಗೆರೆಗಳ ಕತೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಟೆಕ್ಸಸ್‌ನ ಪೊಲೀಸ್ ಬೆರಳಚ್ಚು ತಜ್ಞ ಜಿಮ್ಮಿ ಚಿಲ್‌ಕಟ್, 1967ರ ಆನಿಯನ್ ಮೌಂಟನ್ ಅಚ್ಚು ಸೇರಿ ಕೆಲವು ಅಚ್ಚುಗಳ ಗೆರೆ ಮನುಷ್ಯನದ್ದೂ ಅಲ್ಲ, ಗೊತ್ತಿರುವ ಕಪಿಯದ್ದೂ ಅಲ್ಲ ಎಂದರು. ಮ್ಯಾಟ್ ಕ್ರೌಲಿ ಎಂಬ ಹವ್ಯಾಸಿ ಇದನ್ನು ಕೇಳಿ ಒಣಗಿದ ನುಣ್ಣನೆ ಮಣ್ಣು ತಂದು, ಅದರಲ್ಲಿ ಯಾವ ಚರ್ಮದ ಗೆರೆಯೂ ಇಲ್ಲದ ಗುರುತು ಒತ್ತಿ, ಪ್ಲಾಸ್ಟರ್ ಹುಯ್ದು ನೋಡಿದರು. ಅಚ್ಚಿನ ಮೇಲೆ ಗೆರೆಗಳು ತಾವಾಗಿಯೇ ಎದ್ದಿದ್ದವು! ಒಣಮಣ್ಣು ಪ್ಲಾಸ್ಟರಿನ ನೀರು ಹೀರುವಾಗ ಆಗುವ ಸುಕ್ಕು ಅದು.

ನನಗೂ ತಡೆಯಲಾಗಲಿಲ್ಲ. ಹಿತ್ತಲಿನ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಹಿಡಿದು (ಜರಡಿಯ ವಿಷಯ ಮನೆಯಲ್ಲಿ ಇನ್ನೂ ಗೊತ್ತಿಲ್ಲ) ಎರಡು ದಿನ ಬಿಸಿಲಿಗೆ ಹರಡಿ, ಹಳೇ ಹವಾಯಿ ಚಪ್ಪಲಿಯ ಸವೆದು ನುಣುಪಾದ ಅಡಿಯನ್ನು ಒತ್ತಿದೆ. ಗಣೇಶನ ಮೂರ್ತಿಗೆ ಬಳಸುತ್ತಿದ್ದ ಅದೇ ಪಿಒಪಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹುಯ್ದೆ. ಮೊದಲ ಎರಡು ಅಚ್ಚು ಒಡೆದವು. ಮೂರನೆಯದನ್ನು ಎತ್ತಿ ಬ್ರಷ್‌ನಲ್ಲಿ ಮಣ್ಣು ಝಾಡಿಸಿದಾಗ ಹಿಮ್ಮಡಿಯ ಅಂಚಿನಲ್ಲಿ ಅಲೆಅಲೆಯಾಗಿ ಏಳೆಂಟು ಸಣ್ಣ ಗೆರೆ. ಚಪ್ಪಲಿಗೆ ಬೆರಳಚ್ಚು ಇರುವುದಿಲ್ಲವಷ್ಟೆ.

ಅಚ್ಚು ತೋರಿಸುವವರನ್ನು ಕೇಳಿ: ಅದೇ ಮಣ್ಣಿನಲ್ಲಿ, ಅದೇ ಪ್ಲಾಸ್ಟರಿನಲ್ಲಿ, ಅದೇ ದಿನ, ನಿಮ್ಮದೇ ಬೂಟಿನ ಅಚ್ಚು ತೆಗೆದಿದ್ದೀರಾ?

7. ಬರೆದಿಡದೆ ಹೋದ ಒಂದು ಅಂಕಿಯನ್ನು ಹುಡುಕಿ

1967ರ ಅಕ್ಟೋಬರ್ 20. ಅದೇ ಬ್ಲಫ್ ಕ್ರೀಕ್. ಕುದುರೆ ಮೇಲೆ ಹೋಗುತ್ತಿದ್ದ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ತೆಗೆದ ಒಂದು ನಿಮಿಷದಷ್ಟು ಉದ್ದದ ಫಿಲ್ಮ್ ಎಲ್ಲರೂ ನೋಡಿರುವುದೇ: ನಡೆಯುತ್ತಾ ನಡೆಯುತ್ತಾ ತಿರುಗಿ ನೋಡುವ ಕಪ್ಪು ಆಕೃತಿ. ತಾನೇ ವೇಷ ಹಾಕಿದ್ದೆ ಎಂದು ಬಾಬ್ ಹೈರೋನಿಮಸ್ ಎಂಬಾತ ಆಮೇಲೆ ಹೇಳಿಕೊಂಡ. ಗಿಮ್ಲಿನ್ ಅದನ್ನು ಒಪ್ಪಿಲ್ಲ.

ಆ ಜಗಳ ನಮಗೆ ಬೇಡ. ಬೇಕಿರುವುದು ಒಂದು ಅಂಕಿ: ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚೌಕಟ್ಟು ಓಡುತ್ತಿತ್ತು? 16, 18, 24 ಯಾವುದೂ ಇರಬಹುದಿತ್ತು. ಲಂಡನ್ನಿನ ನಡಿಗೆ ತಜ್ಞ ಡೊನಾಲ್ಡ್ ಗ್ರೀವ್ ಲೆಕ್ಕ ಹಾಕಿ ಹೇಳಿದ್ದು, 24 ಆಗಿದ್ದರೆ ಅದು ದೊಡ್ಡ ಆಳೊಬ್ಬ ಬೀಸುಗಾಲು ಹಾಕಿದ ನಡಿಗೆ. 16 ಅಥವಾ 18 ಆಗಿದ್ದರೆ ಮನುಷ್ಯನ ನಡಿಗೆಗೆ ಹೊಂದುವುದಿಲ್ಲ. ಎಲ್ಲ ನಿಂತಿರುವುದು ಕ್ಯಾಮೆರಾದ ವೇಗ ಬದಲಿಸುವ ಆ ಒಂದು ಗುಂಡಿಯ ಮೇಲೆ, ಅದು ಎಲ್ಲಿತ್ತು ಎಂದು ಯಾರೂ ಆ ಕ್ಷಣದಲ್ಲಿ ಬರೆದಿಟ್ಟುಕೊಳ್ಳಲಿಲ್ಲ. ಅರ್ಧ ಶತಮಾನದ ಜಗಳಕ್ಕೆ ಎರಡಂಕಿಯ ಒಂದು ಟಿಪ್ಪಣಿ ಸಾಕಿತ್ತು.

ಅವರು ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. ಮಳೆ ಹಿಡಿದಾಗ ಗಿಮ್ಲಿನ್ ಹೋಗಿ ಹೆಜ್ಜೆಗಳಿಗೆ ಮರದ ತೊಗಟೆ ಮುಚ್ಚಿ ಬಂದ. ಸುಮಾರು ಹತ್ತು ದಿನ ಬಿಟ್ಟು ಬಂದ ಬಾಬ್ ಟಿಟ್ಮಸ್ ಸಾಲಾಗಿ ಹತ್ತು ಅಚ್ಚು ತೆಗೆಯಲು ಅದೂ ಒಂದು ಕಾರಣ.

8. ರಾತ್ರಿ ಕೂಗಿಗೆ ಉತ್ತರ ಕೊಟ್ಟವರು ಯಾರು?

ಮರಕ್ಕೆ ದೊಣ್ಣೆಯಿಂದ ಬಡಿಯುವುದು, ಸ್ಪೀಕರಿನಲ್ಲಿ ಕೂಗು ಹಾಕುವುದು, ಉತ್ತರಕ್ಕೆ ಕಿವಿ ನಿಮಿರಿಸಿ ಕೂರುವುದು ಈ ತಂಡಗಳ ರೂಢಿ. ಗುಡ್ಡದ ಆಚೆ ಬದಿ ಇನ್ನೊಂದು ತಂಡವೂ ಹಾಗೇ ಬಡಿಯುತ್ತಾ ಕೂತಿದ್ದರೆ ಇಬ್ಬರಿಗೂ ಆ ರಾತ್ರಿ ಭರ್ಜರಿ ಫಲಿತಾಂಶ. ತಾವು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕೂಗಿದೆವು ಎಂಬ ಪಟ್ಟಿ ಇಲ್ಲದ ಧ್ವನಿಮುದ್ರಣ ಬೇಡ. ಗೂಬೆ, ನರಿ, ಕಯೋಟಿಗಳ ಕೂಗನ್ನು ಪಕ್ಕದಲ್ಲಿಟ್ಟು ಹೋಲಿಸದ್ದೂ ಬೇಡ.

9. ಕೂದಲು ಯಾರ್ಯಾರ ಕೈ ದಾಟಿ ಬಂತು?

ಆಕ್ಸ್‌ಫರ್ಡ್‌ನ ಬ್ರಯನ್ ಸೈಕ್ಸ್ ಜಗತ್ತಿನ ಎಲ್ಲೆಡೆಯಿಂದ ಯೇತಿ, ಬಿಗ್‌ಫುಟ್ ಕೂದಲು ಕಳಿಸಿ ಎಂದು ಕರೆ ಕೊಟ್ಟು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಡಿಎನ್‌ಎ ಸಿಕ್ಕ 30 ಮಾದರಿಗಳೂ ಗೊತ್ತಿರುವ ಪ್ರಾಣಿಗಳವೇ: ಕರಡಿ, ಕುದುರೆ, ಹಸು, ರಕೂನ್, ಮುಳ್ಳುಹಂದಿ, ಒಂದು ಮನುಷ್ಯನದು. ಲಡಾಖ್‌ನ ಒಂದು, ಭೂತಾನಿನ ಒಂದು ಮಾದರಿ ಮಾತ್ರ ಪುರಾತನ ಹಿಮಕರಡಿಗೆ ಹೊಂದುತ್ತವೆ ಎಂದು ಅವರು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಬೇರೆಯವರು ಮತ್ತೆ ನೋಡಿದಾಗ ಅವೂ ಹಿಮಾಲಯದ ಕಂದು ಕರಡಿಗಳೇ. ನನಗೆ ಇಲ್ಲಿ ಇಷ್ಟವಾಗುವುದು ಸೈಕ್ಸ್ ತಪ್ಪಿದ್ದಲ್ಲ, ತಪ್ಪು ಹಿಡಿಯುವಷ್ಟು ದತ್ತಾಂಶವನ್ನು ಎಲ್ಲರ ಮುಂದೆ ಇಟ್ಟದ್ದು.

ಅದಕ್ಕೂ ಮುಂಚೆ, 1976ರಲ್ಲಿ, ಬಿಗ್‌ಫುಟ್ ಬೇಟೆಗಾರ ಪೀಟರ್ ಬರ್ನ್ 15 ಕೂದಲಿರುವ ಒಂದು ಚರ್ಮದ ಚೂರನ್ನು ಎಫ್‌ಬಿಐಗೆ ಕಳಿಸಿದ್ದ. ಮರುವರ್ಷ ಉತ್ತರ ಬಂತು: ಜಿಂಕೆ ಜಾತಿಯದು. ಕಡತ ಸಾರ್ವಜನಿಕರಿಗೆ ಸಿಕ್ಕಿದ್ದು 2019ರಲ್ಲಿ.

‘ಲ್ಯಾಬ್‌ನವರಿಗೇ ಗುರುತು ಸಿಗಲಿಲ್ಲ’ ಎಂದು ಎದೆ ಉಬ್ಬಿಸುವವರಿದ್ದಾರೆ. ಗುರುತು ಸಿಗದಿರುವುದು ಬೇರೆ, ಹೊಸ ಪ್ರಾಣಿ ಸಿಗುವುದು ಬೇರೆ. ಕೊಳೆತ ಕೂದಲಿಗೂ ಬರಿಗೈಯಲ್ಲಿ ಎತ್ತಿದ ಕೂದಲಿಗೂ ಗುರುತು ಸಿಗುವುದು ಕಷ್ಟವೇ. ಕೈಗವಸು ಹಾಕಿದ್ದರೇ, ಯಾವ ದಿನ ಯಾರು ಯಾರಿಗೆ ಕೊಟ್ಟರು, ತಂಡದವರ ಮತ್ತು ಅವರ ನಾಯಿಯ ಕೂದಲನ್ನೂ ಹೋಲಿಕೆಗೆ ಕಳಿಸಿದ್ದರೇ ನೋಡಿ.

10. ‘ಎ’ ದರ್ಜೆ ಎಂದರೆ ಮೊದಲ ದರ್ಜೆ ಅಲ್ಲ

1995ರಲ್ಲಿ ಶುರುವಾದ ಬಿಎಫ್‌ಆರ್‌ಒ ಎಂಬ ಸಂಘಟನೆ ವರದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಸ್ಪಷ್ಟವಾಗಿ ಕಂಡದ್ದು ಎ. ದೂರದಿಂದ, ಕತ್ತಲಲ್ಲಿ ಕಂಡದ್ದು, ಬರೀ ಕೇಳಿದ್ದು ಬಿ. ಬೇರೆಯವರ ಬಾಯಿಂದ ಬಂದದ್ದು ಸಿ. ಇದು ಕಂಡ ಸನ್ನಿವೇಶದ ದರ್ಜೆ. ಕಂಡವರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂಬ ದರ್ಜೆಯಲ್ಲ. ಹಗಲಲ್ಲಿ ಹತ್ತಿರದಿಂದ ಕಂಡೆ ಎಂದು ಸುಳ್ಳು ಹೇಳಿದರೂ ಅದು ‘ಎ’ಗೇ ಹೋಗುತ್ತದೆ. ಸಾಕ್ಷಿಯನ್ನು ಮಾತಾಡಿಸಿದ ರೀತಿ ನೋಡಿ: ‘ಏನು ಕಂಡಿರಿ’ ಎಂದು ಕೇಳಿ ಸುಮ್ಮನೆ ಕೂತರೋ, ಇಲ್ಲ ‘ತೋಳು ಮೊಣಕಾಲಿನವರೆಗೆ ಇತ್ತಲ್ಲವೇ’ ಎಂದು ಬಾಯಿಗೆ ಮಾತು ತುರುಕಿದರೋ? ಇಬ್ಬರು ಕಂಡಿದ್ದರೆ ಬೇರೆಬೇರೆ ಕೂರಿಸಿ ಕೇಳಿದರೋ?

11. ಇಲ್ಲದ ಹೆಜ್ಜೆಯನ್ನೂ ಸಾಕ್ಷಿ ಮಾಡುವವರಿಂದ ದೂರ ಇರಿ

2000ದ ಸೆಪ್ಟೆಂಬರ್, ವಾಷಿಂಗ್ಟನ್ ರಾಜ್ಯದ ಗಿಫರ್ಡ್ ಪಿಂಚೋ ಅರಣ್ಯ. ಬಿಎಫ್‌ಆರ್‌ಒ ತಂಡದವರು ಕೆಸರಿನಲ್ಲಿ ಹಣ್ಣಿಟ್ಟು ಬಂದರು. ಬೆಳಗ್ಗೆ ಹಣ್ಣಿನ ಪಕ್ಕ ಯಾವುದೋ ದೊಡ್ಡ ಪ್ರಾಣಿ ಮಲಗಿದ್ದ ಗುರುತು. ನೂರಾರು ಪೌಂಡು ತೂಗುವ ಅಚ್ಚು ತೆಗೆದರು. ಬಿಗ್‌ಫುಟ್ ಒರಗಿಕೊಂಡು ಕೈ ಚಾಚಿದೆ ಎಂದರು. ಹಾಗಾದರೆ ಅದರ ಪಾದದ ಹೆಜ್ಜೆ ಎಲ್ಲಿ? ಹೆಜ್ಜೆ ಮೂಡಿಸಬಾರದೆಂದೇ ಅದು ಅಂಚಿನಿಂದ ಹುಷಾರಾಗಿ ಬಂದಿರಬೇಕಂತೆ! ಎಲ್ಕ್ ಎಂಬ ದೊಡ್ಡ ಜಿಂಕೆ ಮಲಗಿ ಎದ್ದರೆ ಇಂಥದೇ ಗುರುತು ಬೀಳುತ್ತದೆ, ಎಲ್ಕಿನ ಗೊರಸಿನ ಗುರುತೂ ಅಲ್ಲೇ ಇದೆ ಎಂದು ಟೀಕಾಕಾರರು ತೋರಿಸಿದರು. ಅಚ್ಚಿಗೆ ಅಂಟಿದ ಕೂದಲುಗಳಲ್ಲಿ ಎಲ್ಕಿನದೂ ಇತ್ತು.

ಹೆಜ್ಜೆ ಸಿಕ್ಕರೆ ಬಿಗ್‌ಫುಟ್, ಸಿಗದಿದ್ದರೆ ಜಾಣ ಬಿಗ್‌ಫುಟ್.

12. ದುಡ್ಡು ಎಲ್ಲಿಂದ, ಪ್ರಕಟಣೆ ಎಲ್ಲಿ?

ಟಿವಿಯ ‘ಫೈಂಡಿಂಗ್ ಬಿಗ್‌ಫುಟ್’ 2011ರಿಂದ 2018ರವರೆಗೆ ಓಡಿತು, ಹೆಸರಿನಲ್ಲಿದ್ದದ್ದು ಮಾತ್ರ ಸಿಗಲಿಲ್ಲ. 2008ರಲ್ಲಿ ಜಾರ್ಜಿಯಾದ ಇಬ್ಬರು ಫ್ರೀಜರಿನಲ್ಲಿ ಶವ ಇದೆ ಎಂದು ಪತ್ರಿಕಾಗೋಷ್ಠಿ ನಡೆಸಿದರು. ಮಂಜು ಕರಗಿದಾಗ ಉಳಿದದ್ದು ರಬ್ಬರ್ ವೇಷ. ಬಿಗ್‌ಫುಟ್ ಡಿಎನ್‌ಎ ಸಿಕ್ಕಿತೆಂದು 2013ರಲ್ಲಿ ಬಂದ ಪ್ರಬಂಧ ಅಚ್ಚಾಗಿದ್ದು ಹೊಸದಾಗಿ ಹುಟ್ಟಿಕೊಂಡ ಒಂದು ಪತ್ರಿಕೆಯಲ್ಲಿ. ಆ ಸಂಚಿಕೆಯಲ್ಲಿದ್ದದ್ದು ಅದೊಂದೇ. ಪುರಾವೆ ತೋರಿಸುವ ಮುಂಚೆ ಪತ್ರಿಕಾಗೋಷ್ಠಿ ಕರೆದರೆ ಹುಷಾರು.

13. ಬರಿಗೈ ರಾತ್ರಿಗಳ ಲೆಕ್ಕ ಕೇಳಿ

ಹೆಜ್ಜೆ ನಂಬಿ ಕೆಟ್ಟ ಅನುಭವ ನಮ್ಮಲ್ಲೂ ಇದೆ. ಹುಲಿ ಗಣತಿ ಬಹಳ ಕಾಲ ನಡೆದದ್ದು ಪಂಜದ ಗುರುತಿನ ಮೇಲೆ. ನೋಡಿದ ಕೂಡಲೇ ಇದು ಇಂಥ ಹುಲಿ ಎನ್ನುವ ನಿಪುಣರಿದ್ದರು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಬೋನಿನ ಬೆರಳೆಣಿಕೆಯ ಹುಲಿಗಳ ಪಂಜದ ಗುರುತು ಕಳಿಸಿ, ಎಷ್ಟು ಹುಲಿ ಹೇಳಿ ಎಂದು ಕೇಳಿದಾಗ ಅಂಥವರೇ ಎಡವಿದರು. ರಾಜಸ್ಥಾನದ ಸರಿಸ್ಕಾ ಅಭಯಾರಣ್ಯದಲ್ಲಿ ಹುಲಿಯೇ ಉಳಿದಿಲ್ಲ ಎಂದು 2005ರ ಹೊತ್ತಿಗೆ ಬಯಲಾಗುವವರೆಗೂ ಗಣತಿಯ ಕಾಗದದಲ್ಲಿ ಹುಲಿಗಳು ಓಡಾಡಿಕೊಂಡಿದ್ದವು. ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿ ಗುರುತಿಸಿ, ಲೆಕ್ಕ ಹಾಕುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಆ ವಿಧಾನದ ಜೀವ ಇರುವುದು ಬಂದ ಹುಲಿಯಲ್ಲಿ ಮಾತ್ರ ಅಲ್ಲ. ಎಷ್ಟು ಕ್ಯಾಮೆರಾ, ಎಷ್ಟು ರಾತ್ರಿ, ಯಾವ ರಾತ್ರಿ ಏನೂ ಬರಲಿಲ್ಲ ಎಂಬುದೂ ಲೆಕ್ಕದೊಳಗೇ ಸೇರುತ್ತದೆ.

ಬಿಗ್‌ಫುಟ್ ತಂಡಗಳಲ್ಲಿ ಈ ಅಭ್ಯಾಸ ಅಪರೂಪ. ಏನಾದರೂ ಆದ ರಾತ್ರಿಯಷ್ಟೇ ವರದಿಯಾಗುತ್ತದೆ, ಮಿಕ್ಕ ನಲವತ್ತು ರಾತ್ರಿ ಟೆಂಟಿನಲ್ಲಿ ಸೊಳ್ಳೆ ಹೊಡೆದದ್ದು ಎಲ್ಲೂ ಬರುವುದಿಲ್ಲ. ಎಲ್ಲಾದರೂ ನಿಮಗೆ ಇಂಥ ಒಂದು ಪುಟ ಕಂಡರೆ ಆ ತಂಡದ ಹೆಸರು ಗುರುತು ಹಾಕಿಕೊಳ್ಳಿ: ‘ಆರು ಕ್ಯಾಮೆರಾ, ಹದಿನಾಲ್ಕು ರಾತ್ರಿ. ಜಿಂಕೆ ಮೂವತ್ತೊಂದು ಸಲ, ಕರಡಿ ನಾಲ್ಕು ಸಲ, ರಕೂನ್ ಲೆಕ್ಕವಿಲ್ಲ. ಒಂಬತ್ತನೇ ರಾತ್ರಿ 2:10ಕ್ಕೆ ದೊಡ್ಡ ಸದ್ದು. ಬೆಳಗ್ಗೆ ನೋಡಿದರೆ ಒಣಮರ ಬಿದ್ದಿತ್ತು. ಐದನೇ ಕ್ಯಾಮೆರಾದ ಬ್ಯಾಟರಿ ಮೂರನೇ ದಿನವೇ ಖಾಲಿ, ನಾವು ಗಮನಿಸಿದ್ದು ಹತ್ತನೇ ದಿನ.’